ಒಂದನೇ ತಾರೀಖಿನ ಹೆಂಗಸರು

ದೊಡ್ಡಾಸ್ಪತ್ರೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ನನ್ನ ಮುಟ್ಟಿನ ತಾರೀಖು ಬೇಕಿತ್ತು. ನನ್ನ ಬಳಿ ಇರಲಿಲ್ಲ. ನಿಮ್ಮ ಕೌಂಟರಿನವರೇ ಒಂದು ತಾರೀಖನ್ನು ಹುಟ್ಟಿಸಿ ಅದರ ಹೊಟ್ಟೆಗೆ ಹಾಕಿದರು. ಆ ಹುಸಿ ತಾರೀಖಿನಿಂದ ವಾರ ಎಣಿಸಿದ ನಿಮ್ಮ ಎರಡನೇ ಮಹಡಿಯವರು, ನನ್ನ ಗರ್ಭ ಬೆಳೆಯುವುದನ್ನು ನಿಲ್ಲಿಸಿದೆ ಎಂದು ತೀರ್ಪು ಕೊಟ್ಟಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ನಾನು ಬಂದು ಮಾತ್ರೆ ನುಂಗಿ ಅದನ್ನು ತೆಗೆಸಿಕೊಳ್ಳಬೇಕಂತೆ. ನಿಜವಾಗಿಯೂ ನಿಂತಿದೆಯೋ, ಅಥವಾ ಶುರುವಾಗಿಯೇ ಕೆಲವು ದಿನವಾಗಿದೆಯೋ, ಇನ್ನೊಮ್ಮೆ ನೋಡಿ ಎಂದು ಕೇಳಿದರೆ ನೋಡುವವರಿಲ್ಲ. ತಾರೀಖು ತಪ್ಪು, ತಿದ್ದಿ ಎಂದರೆ ತಿದ್ದುವವರಿಲ್ಲ. ತಿದ್ದಿಸುವ ಅಧಿಕಾರ ತಮ್ಮೊಬ್ಬರಿಗೇ ಇದೆಯಂತೆ. ತಮ್ಮ ಕೋಣೆಯ ಮುಂದೆ ಮೂರು ಸಲ ಕಾದೆ, ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೀಟಿಂಗಿಗೆ ಚಹಾದ ಜೊತೆ ಪತ್ರಿಕೆಯೂ ಬರುತ್ತದಲ್ಲವೇ?

ನಾನು ಯಾರು ಎಂದು ಹೇಳಿಬಿಡುತ್ತೇನೆ. ಊರಿನ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ, ಗಾಜಿನ ಹಿಂದೆ, ಬೆಳಗಿನ ಪಾಳಿಯಲ್ಲಿ ಕೂರುವವಳು. ಗಾಜಿನಲ್ಲಿ ಅಂಗೈಯಗಲದ ತೂತಿದೆ. ಆ ತೂತಿಗೆ ಬಾಯಿಟ್ಟು ಜನ ಪಾಳಿಯುದ್ದಕ್ಕೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಎಷ್ಟೊತ್ತಿಗೆ ಬರುತ್ತೆ?" ನಾನು ಕೆಲಸಕ್ಕೆ ಸೇರಿದ ದಿನ ಪಕ್ಕದ ಕುರ್ಚಿಯ ಹಿರಿಯಾಕೆ ನನಗೆ ಪಾಠ ಹೇಳಿದ್ದರು. ಧ್ವನಿವರ್ಧಕದಲ್ಲಿ ಬಸ್ಸುಗಳನ್ನು ಕೂಗುವುದು ಅವರ ಕೆಲಸ. ನಿಲ್ದಾಣಕ್ಕೆಲ್ಲ ಅವರು ಮೈಕಕ್ಕ. "ನೋಡು ತಾಯಿ, ಗೊತ್ತಿದ್ರೆ ಟೈಮ್ ಹೇಳು. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಬೈತಾರೆ, ಬೈಸ್ಕೋ. ಬಾಯಿಗೆ ಬಂದ ಟೈಮ್ ಮಾತ್ರ ಹೇಳ್ಬೇಡ. ಅದನ್ನ ನಂಬ್ಕೊಂಡು ಟೀ ಕುಡಿಯೋಕೆ ಹೋಗ್ತಾರೆ, ಇತ್ಲಾಗೆ ಬಸ್ಸು ಹೊರಟುಹೋಗುತ್ತೆ." ನಮ್ಮ ಬೋರ್ಡಿನಲ್ಲಿ ಬಸ್ಸಿನ ಹೆಸರಿನ ಮುಂದೆ 'ಸಮಯ ತಿಳಿದಿಲ್ಲ' ಎಂದು ಹಾಕಲು ಜಾಗವಿದೆ, ಮಾನ್ಯರೇ. ಬ್ರೇಕು ಸುಟ್ಟುಕೊಂಡು ದಾರಿಯಲ್ಲಿ ನಿಂತ ಲಟಾರಿ ಬಸ್ಸಿಗೆ ನಾವು ಕೊಡುವ ಈ ಮರ್ಯಾದೆಯನ್ನು ತಾವು ಒಬ್ಬ ಹೆಂಗಸಿನ ಹೊಟ್ಟೆಗೆ ಕೊಡುವುದಿಲ್ಲ ಎಂಬುದೇ ನನ್ನ ದೂರು.

ಈಗ ನನ್ನ ಕುತ್ತಿಗೆಯ ವಿಚಾರ. ಅಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇರುತ್ತದೆ. ತಮಗೆ ಗೊತ್ತಿಲ್ಲದ್ದೇನಲ್ಲ, ಪತ್ರಿಕೆ ಓದುವವರಿಗಾಗಿ ಹೇಳುತ್ತಿದ್ದೇನೆ. ನನ್ನದು ಸೋಮಾರಿ. ಮಾಡಬೇಕಾದ ಕೆಲಸವನ್ನು ಅರ್ಧ ಮಾಡಿ ಕೈಕಟ್ಟಿ ಕೂರುತ್ತದೆ. ಕೆಲವು ವರ್ಷಗಳ ಹಿಂದೆ, ಎಲ್ಲರೂ ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳವಾಡುತ್ತಿದ್ದ ದಿನಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕೌಂಟರಿನಲ್ಲಿ ಕೂರತೊಡಗಿದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಉಣ್ಣುವುದು ಕಡಿಮೆಯಾದರೂ ಮೈ ಬೆಳೆಯುತ್ತಲೇ ಹೋಯಿತು. ಎದ್ದ ಕೂಡಲೇ ಮತ್ತೆ ಯಾವಾಗ ಮಲಗುತ್ತೇನೋ ಅನ್ನಿಸುತ್ತಿತ್ತು. ದನಿ ಒಡೆಯಿತು. ಮೈಕಕ್ಕ ರಜೆ ಹಾಕಿದ ದಿನ ನಾನೇ ಬಸ್ಸುಗಳನ್ನು ಕೂಗಿದೆ. ಮರುದಿನ ಅವರು ನಗುತ್ತಾ, "ಯಾರೋ ಡ್ರೈವರ್ರು ಮೈಕಿಗೆ ಬಾಯಿ ಹಾಕಿದಾನೆ ಅಂದ್ಕೊಂಡ್ರಂತೆ ಕಣೇ ಜನ" ಎಂದರು. ನಾನೂ ನಕ್ಕೆ. ನಕ್ಕರೆ ಕೆನ್ನೆ ನೋಯುವಷ್ಟು ಮುಖ ಊದಿತ್ತು. ಕೊನೆಗೆ ನಿಮ್ಮ ಆಸ್ಪತ್ರೆಯ ಕೆಳಮಹಡಿಯಲ್ಲಿ ಕೂರುವ ವಯಸ್ಸಾದ ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಒಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಸ್ವಲ್ಪ ಹೊತ್ತು ಚಹಾ ಕೂಡ ಕುಡಿಯುವಂತಿಲ್ಲ. ಅಂದಿನಿಂದ ಅದು ತಪ್ಪಿಲ್ಲ. ದನಿ ಬಂತು, ತೂಕಡಿಕೆ ಹೋಯಿತು, ಸ್ವೆಟರ್ ಪೆಟ್ಟಿಗೆ ಸೇರಿತು.

ಸೇರದೇ ಹೋದದ್ದು ಮುಟ್ಟಿನ ಲೆಕ್ಕ. 'ತಿಂಗಳದ್ದು' ಎಂಬ ಹೆಸರೇ ನನ್ನ ಪಾಲಿಗೆ ತಮಾಷೆ. ಒಮ್ಮೆ ಎರಡು ತಿಂಗಳು ನಾಪತ್ತೆ, ಒಮ್ಮೆ ಹದಿನೈದು ದಿನಕ್ಕೇ ಹಾಜರು. ಒಮ್ಮೆ ಬರೀ ಕಲೆ, ಇನ್ನೊಮ್ಮೆ ಕೌಂಟರಿನ ಕುರ್ಚಿಯಿಂದ ಏಳಲು ಹೆದರುವಷ್ಟು. ಮಾತ್ರೆಯ ಪ್ರಮಾಣ ಸರಿಹೊಂದಿದಾಗ ಕೆಲವು ತಿಂಗಳು ಒಳ್ಳೆ ಹುಡುಗಿಯ ಹಾಗೆ ಬಂದು ಹೋಗುತ್ತದೆ, ಮತ್ತೆ ಹಳೇ ಚಾಳಿ. ಮಗು ಬೇಕು ಎಂದುಕೊಂಡವಳಿಗೆ ಇದೆಂಥ ಹಿಂಸೆ ಎಂದು ತಮಗೆ ಹೇಗೆ ತಿಳಿಸಲಿ? ನಿಂತ ಪ್ರತಿ ಸಲವೂ ಆಸೆ ಹುಟ್ಟುತ್ತದೆ. ಸುಸ್ತು, ಮೈ ಭಾರ, ಹೊಟ್ಟೆ ಉಬ್ಬರ, ಕಾರಣವಿಲ್ಲದೆ ಕಣ್ಣೀರು — ಬಸುರಿಗೂ ಇದೇ, ಗ್ರಂಥಿಗೂ ಇದೇ. ಯಾವುದು ಯಾವುದೆಂದು ನನ್ನ ಮೈ ನನಗೇ ಹೇಳುವುದಿಲ್ಲ. ಔಷಧಿ ಅಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಬಸುರಿನ ಪರೀಕ್ಷೆಯ ಪಟ್ಟಿ ಕಟ್ಟಿಕೊಡುವಷ್ಟು ಪರಿಚಯವಾಯಿತು. ಪ್ರತಿ ಸಲವೂ ಒಂದೇ ಗೆರೆ. ಒಂದು ದಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಹೊಟ್ಟೆ ನೋಡಿ ಎದ್ದು ನಿಂತು, "ಕೂತ್ಕೊಳ್ಳಿ ಆಂಟಿ. ಎಷ್ಟು ತಿಂಗಳು?" ಎಂದು ಕೇಳಿದಳು. ಇದು ಥೈರಾಯ್ಡಿನ ಹೊಟ್ಟೆ ಕಣಮ್ಮ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. "ನಾಲ್ಕು" ಎಂದು ಹೇಳಿ ಕೂತುಬಿಟ್ಟೆ. ಕಾಲು ಬಹಳ ನೋಯುತ್ತಿತ್ತು, ಮಾನ್ಯರೇ, ಮತ್ತು ಆ ನಾಲ್ಕು ಸ್ಟಾಪು ನಾನು ಸುಖವಾಗಿದ್ದೆ.

ಮನೆಯಲ್ಲಿ ನಾವು ಮೂರು ಜನ. ನಮ್ಮವರು ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡುತ್ತಾರೆ. ಅತ್ತೆ ಮನೆಯಲ್ಲಿರುತ್ತಾರೆ. ಅತ್ತೆ ಒಳ್ಳೆಯವರು, ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಗೊತ್ತಿದ್ದೂ ಅವರು, ನನ್ನ ಮುಟ್ಟು ಮೊದಲ ಸಲ ನಿಂತ ಕೂಡಲೇ ಹಳದಿ ಉಣ್ಣೆಯಲ್ಲಿ ಒಂದು ಕುಲಾವಿ ಶುರು ಮಾಡಿದರು. ನಾನು ಬಚ್ಚಲಿನಿಂದ ಮುಖ ಇಳಿಬಿಟ್ಟುಕೊಂಡು ಬಂದ ದಿನ ಏನೂ ಕೇಳದೆ ಕಡ್ಡಿಯ ಸಮೇತ ಅದನ್ನು ಪೆಟ್ಟಿಗೆಯಲ್ಲಿಟ್ಟರು. ಮುಂದಿನ ಸಲ ನಿಂತಾಗ ಮತ್ತೆ ತೆಗೆದರು, ಮತ್ತೆ ಇಟ್ಟರು. "ಎಷ್ಟು ಸಲ ಅಂತ ತೆಗೀತೀರ ಅತ್ತೆ, ಬಿಡಿ" ಎಂದರೆ, "ಅಯ್ಯೋ, ಹುಳ ತಿನ್ನುತ್ತೇನೋ ಅಂತ ನೋಡ್ತಿದ್ದೆ ಕಣೇ" ಎನ್ನುತ್ತಾರೆ. ಆ ಕುಲಾವಿ ಮೂರು ವರ್ಷದಿಂದ ಕಿವಿಯವರೆಗೂ ಬಂದಿಲ್ಲ.

ಈ ಸಲವೂ ಹಾಗೆಯೇ ನಿಂತಿತು. ಮೊದಲು ಸ್ವಲ್ಪ ಕಲೆ ಕಂಡಿತ್ತು. ಅದು ಮುಟ್ಟೋ, ಮುಟ್ಟಿನ ಅಣಕವೋ ಹೇಳಲಾರೆ. ಆಮೇಲೆ ಏನೂ ಇಲ್ಲ. ಒಂದೂವರೆ ತಿಂಗಳು ನೋಡಿ, ಈ ಸಲ ಪಟ್ಟಿಯ ಸಹವಾಸವೇ ಬೇಡವೆಂದು ನಿಮ್ಮ ಆಸ್ಪತ್ರೆಯ ಲ್ಯಾಬಿನಲ್ಲೇ ರಕ್ತ ಕೊಟ್ಟೆ. ಗರ್ಭವಿಲ್ಲ ಎಂದರು. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದಾಗಿ ಮೂರು ವಾರಕ್ಕೆ, ಒಂದು ಬೆಳಿಗ್ಗೆ ಮೈಕಕ್ಕನ ಚಹಾದ ವಾಸನೆಗೆ ನನ್ನ ಹೊಟ್ಟೆ ತೊಳಸಿತು. ಸಂಜೆ ಮನೆಗೆ ಹೋಗಿ ಪಟ್ಟಿ ನೋಡಿದರೆ ಎರಡು ಗೆರೆ. ನಮ್ಮವರು ಡಿಪೋದಿಂದ ಬಂದು ಕೈ ಕೂಡ ತೊಳೆಯದೆ ಅದನ್ನು ಬಲ್ಬಿನ ಕೆಳಗೆ ಹಿಡಿದು, "ಎರಡನೇದು ಗೆರೆನಾ, ಇಲ್ಲ ನನ್ನ ಕೈ ಗ್ರೀಸಾ?" ಎಂದರು. ಇನ್ನೊಂದು ಪಟ್ಟಿ ತಂದು ನೋಡಿದೆವು. ಗೆರೆಯೇ. ಮದುವೆಯಾದಾಗಿನಿಂದ ಆ ಮನುಷ್ಯ ಅಷ್ಟು ಹೊತ್ತು ನನ್ನ ಮುಖ ನೋಡಿದ್ದಿಲ್ಲ.

ಕೆಳಮಹಡಿಯ ಡಾಕ್ಟರು ಮೊದಲೇ ಹೇಳಿದ್ದರು: ಬಸುರಿಯಾದರೆ ಒಂದು ದಿನವೂ ತಡ ಮಾಡದೆ ಬಾ ಎಂದು. ಮರುದಿನವೇ ಹೋದೆ. ಅವರು ಮಾತ್ರೆಯ ಪ್ರಮಾಣ ಏರಿಸಿದರು. "ಮೊದಮೊದಲು ಮಗೂಗೆ ಅದರದ್ದೇ ಗ್ರಂಥಿ ಕೆಲಸ ಮಾಡಲ್ಲಮ್ಮ. ನಿನ್ನ ಪಾಲಿನದ್ದನ್ನೇ ಹಂಚ್ಕೋಬೇಕು. ಇದರಲ್ಲಿ ಮಾತ್ರ ಜಿಪುಣತನ ಬೇಡ" ಎಂದರು. ಆಮೇಲೆ ಮೇಲೆ ಹೋಗಿ ಹೆಸರು ನೋಂದಾಯಿಸಿಕೋ ಎಂದು ಕಳಿಸಿದರು. ಹೀಗೆ ನಾನು ನಗುನಗುತ್ತಾ ನಿಮ್ಮ ಮೊದಲ ಮಹಡಿಯ ಕೌಂಟರಿಗೆ ಹೋಗಿ ನಿಂತೆ.

ಅಲ್ಲೂ ಗಾಜು, ಅಲ್ಲೂ ತೂತು. ನನಗೆ ತವರಿಗೆ ಹೋದಂತಾಯಿತು. ಒಳಗಿದ್ದ ಹೆಂಗಸು ತಲೆ ಎತ್ತದೆ ಕೇಳಿದರು.

"ಕೊನೇ ಡೇಟ್ ಯಾವತ್ತು?"

"ಗೊತ್ತಿಲ್ಲ ಮೇಡಂ. ನಂಗೆ ಥೈರಾಯ್ಡ್ ಇದೆ. ಸರಿಯಾಗಿ ಆಗಲ್ಲ."

"ಸುಮಾರಾಗಿ ಹೇಳಿ."

"ಸುಮಾರಾಗೂ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಸ್ವಲ್ಪ ಕಂಡಿತ್ತು. ಅದು ಡೇಟೋ ಅಲ್ವೋ, ಅದೂ ಗೊತ್ತಿಲ್ಲ."

"ಯಾವ ತಿಂಗಳದು?"

ತಿಂಗಳು ಹೇಳಿದೆ.

"ಸರಿ, ಒಂದನೇ ತಾರೀಖು ಹಾಕ್ತೀನಿ."

"ಒಂದನೇ ತಾರೀಖಾ? ಅವತ್ತಂತೂ ಅಲ್ಲ ಮೇಡಂ!"

"ಅಯ್ಯೋ, ಗೊತ್ತಿಲ್ದೋರಿಗೆಲ್ಲ ಒಂದೇ ಹಾಕೋದು ಕಣ್ರೀ. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ನೀವೇನೂ ತಲೆ ಕೆಡಿಸ್ಕೋಬೇಡಿ, ಸ್ಕ್ಯಾನಲ್ಲಿ ಎಲ್ಲಾ ಗೊತ್ತಾಗುತ್ತೆ. ಮುಂದಿನೋರು ಬನ್ನಿ."

ಆಕೆ ಕೆಟ್ಟ ಹೆಂಗಸಲ್ಲ. ನನ್ನ ಹಿಂದೆ ಬಾಗಿಲಿನವರೆಗೂ ಸಾಲಿತ್ತು. ಗಾಜಿನ ಹಿಂದೆ ಕೂತವರ ಸಂಕಟ ನನಗೆ ಗೊತ್ತು, ಅವರ ಮೇಲೆ ನನ್ನ ದೂರಿಲ್ಲ. ದೂರು ಇರುವುದು, ಖಾಲಿ ಬಿಡಲಾಗದಂತೆ ಆ ಜಾಗವನ್ನು ಮಾಡಿಸಿದ ಪುಣ್ಯಾತ್ಮರ ಮೇಲೆ. ಹೆಂಗಸರೆಲ್ಲರ ಮೈ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ನಡೆಯುತ್ತದೆ ಎಂದು ನಂಬಿದ ಆ ಮಹಾನುಭಾವರು ಯಾರು? ಅವರ ಮನೆಯಲ್ಲಿ ಹೆಂಗಸರಿಲ್ಲವೇ? ಇದ್ದರೂ ಅವರ ಜೊತೆ ಮಾತಿಲ್ಲವೇ?

ಸ್ಕ್ಯಾನಿಗೆ ಎಂದು ಎರಡನೇ ಮಹಡಿಯ ಬೆಂಚಿನಲ್ಲಿ ಕೂತಾಗ ಪಕ್ಕದಲ್ಲಿದ್ದ ಪರದೆ ಹೊಲಿಯುವ ಹೆಂಗಸಿಗೆ ಇದನ್ನು ಹೇಳಿ ನಕ್ಕೆ. ಅವಳು ನನ್ನ ತೋಳು ಹಿಡಿದು, "ನಿಮ್ದೂ ಒಂದಾ? ನಂದೂ ಒಂದೇ!" ಎಂದಳು. ಅವಳ ಆಚೆಗೆ ಕೂತಿದ್ದ, ಮೊಲೆಯುಣ್ಣುವ ಮಗುವಿರುವಾಗಲೇ ಮತ್ತೆ ಬಸುರಾದ ತಾಯಿ, "ನಂಗೆ ಹೆರಿಗೆ ಆದ್ಮೇಲೆ ಡೇಟೇ ಆಗಿಲ್ಲ. ಆದ್ರೂ ಒಂದನೇ ತಾರೀಖು ಆಯ್ತು ಅಂತ ಬರ್ಕೊಂಡ್ರು" ಎಂದಳು. ಬೆಂಚೆಲ್ಲ ನಗು. ಒಂದನೇ ತಾರೀಖು ಸಂಬಳವಾಗುವುದನ್ನು ಕೇಳಿದ್ದೆವು, ಊರಿನ ಹೆಂಗಸರೆಲ್ಲ ಒಟ್ಟಿಗೆ ಮುಟ್ಟಾಗುವುದನ್ನು ಅಂದೇ ಕೇಳಿದ್ದು. ಆದರೆ ಪರದೆ ಹೊಲಿಯುವವಳ ನಗು ಬೇಗ ನಿಂತಿತು. ಮೊದಲ ಹೆರಿಗೆಯಲ್ಲಿಯೂ ಅವಳಿಗೆ ಇದೇ ತಾರೀಖು ಸಿಕ್ಕಿತ್ತಂತೆ. ದಿನ ಮೀರಿತು ಎಂದು ನೋವು ಬರಿಸಿ ಹೆರಿಗೆ ಮಾಡಿಸಿದರಂತೆ. ಹುಟ್ಟಿದ ಮಗು ಅಂಗೈಯಷ್ಟಿತ್ತಂತೆ. "ಇನ್ನೂ ಬೆಂದಿರಲೇ ಇಲ್ಲ ಕಣ್ರೀ ಅದು. ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಉಳೀತು, ಪುಣ್ಯ" ಎಂದಳು. ನಾನು ನನ್ನ ಚೀಟಿಯ ಮೇಲಿನ ತಾರೀಖನ್ನು ಇನ್ನೊಮ್ಮೆ ನೋಡಿದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಸ್ಕ್ಯಾನ್ ಕೋಣೆ ಕತ್ತಲೆ, ತಣ್ಣಗೆ. ಸ್ಕ್ಯಾನ್ ಯಂತ್ರದ ಪರದೆಯನ್ನು ಡಾಕ್ಟರು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಮಾತಾಡಿದ್ದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ನರ್ಸಿನ ಜೊತೆ. "ಡೇಟ್ ಪ್ರಕಾರ ಹತ್ತು ವಾರ. ಇದು ಆರೂ ಇಲ್ಲ. ಹಾರ್ಟ್‌ಬೀಟ್ ಇಲ್ಲ." ನಾನು ಮಲಗಿದ್ದಲ್ಲಿಂದಲೇ, ಏನಾಯಿತು ಡಾಕ್ಟ್ರೇ ಎಂದೆ.

"ಬೆಳವಣಿಗೆ ನಿಂತುಹೋಗಿದೆ ಅಮ್ಮ. ಕೆಲವರಿಗೆ ಹೀಗಾಗುತ್ತೆ. ಥೈರಾಯ್ಡ್ ಬೇರೆ ಇದೆಯಲ್ಲ."

"ಆದ್ರೆ ಆ ಡೇಟು ಸರಿಯಿಲ್ಲ ಡಾಕ್ಟ್ರೇ. ಕೌಂಟರಲ್ಲಿ ಸುಮ್ನೆ ಹಾಕಿದ್ದು. ಆ ಡೇಟಾದ ಮೇಲೆ ಒಂದೂವರೆ ತಿಂಗಳಿಗೆ ನಿಮ್ಮ ಲ್ಯಾಬಲ್ಲೇ ನೋಡಿದಾರೆ, ಗರ್ಭ ಇಲ್ಲ ಅಂದಿದಾರೆ. ಆವಾಗ ಇಲ್ದೇ ಇದ್ದಿದ್ದು ಈಗ ಹತ್ತು ವಾರ ಹೇಗಾಗುತ್ತೆ?"

"ಲ್ಯಾಬಲ್ಲಿ ಒಂದೊಂದ್ಸಲ ತಪ್ಪು ಬರುತ್ತೆ."

"ಕೌಂಟರಲ್ಲಿ ಬರಲ್ವಾ?"

ಅವರು ಹೊಟ್ಟೆ ಒರೆಸಿಕೊಳ್ಳಲು ಕಾಗದ ಕೊಟ್ಟರು. "ಅಲ್ಲೀತನಕ ಬೆಡ್ ಖಾಲಿ ಇಲ್ಲ, ಎರಡು ವಾರ ಬಿಟ್ಟು ಸೋಮವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗಿ. ಮಾತ್ರೆ ಈಗಲೇ ಕೊಟ್ಟಿರ್ತಾರೆ, ಬರುವಾಗ ತನ್ನಿ, ಇಲ್ಲೇ ನುಂಗಿಸ್ತಾರೆ. ತುಂಬಾ ದಿನ ಒಳಗೇ ಬಿಟ್ಕೊಂಡ್ರೆ ನಿಮ್ಮ ಜೀವಕ್ಕೇ ಅಪಾಯ" ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಕೆಳಗಿನ ಕೌಂಟರು ಎತ್ತು ಈಯಿತು ಎಂದಿತು, ಮೇಲಿನ ಕೋಣೆ ಕರುವನ್ನು ಹುಡುಕಿ, ಸಿಗದಿದ್ದಾಗ ಸತ್ತಿದೆ ಎಂದಿತು. ನಾನು ಓದಿದವಳಲ್ಲ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಡಾಕ್ಟರು ಹೇಳಿದ್ದೇ ನಿಜವಿರಬಹುದು. ನನ್ನ ಮಗು ಸತ್ತೇ ಇರಬಹುದು. ಈ ವಾಕ್ಯ ಬರೆಯುವಾಗ ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಬಂದೆ. ಆದರೆ ಬದುಕಿರಲೂಬಹುದು ತಾನೇ? ಆರು ವಾರವೂ ಆಗದ್ದಕ್ಕೆ ಎದೆಬಡಿತ ಕಾಣದಿರುವುದು ಸಹಜ, ಒಂದೆರಡು ವಾರ ಬಿಟ್ಟು ನೋಡಿದರೆ ಕಾಣುತ್ತದೆ ಎಂದು ನನಗೆ ಹೇಳಿದವರು ದಾರಿಹೋಕರಲ್ಲ, ನಿಮ್ಮದೇ ಕೆಳಮಹಡಿಯ ಡಾಕ್ಟರು. "ಅವರಿಗೆ ನೀವೇ ಒಂದು ಮಾತು ಹೇಳಿ ಸರ್" ಎಂದು ಕೈಮುಗಿದೆ. "ಹೇಳ್ದೆ ಕಣಮ್ಮ. 'ಕುತ್ತಿಗೆ ನೀವು ನೋಡ್ಕೊಳ್ಳಿ, ಹೊಟ್ಟೆ ನಾವು ನೋಡ್ಕೋತೀವಿ' ಅಂದ್ರು" ಎಂದು ಆ ವಯಸ್ಸಾದ ಮನುಷ್ಯ ಕನ್ನಡಕ ಒರೆಸಿಕೊಂಡರು. ನನ್ನ ಕುತ್ತಿಗೆ ಮತ್ತು ನನ್ನ ಹೊಟ್ಟೆ ಒಂದೇ ಹೆಂಗಸಿನವು ಎಂಬುದನ್ನು ತಮ್ಮ ಆಸ್ಪತ್ರೆಯಲ್ಲಿ ಯಾರು ಸಾಬೀತು ಮಾಡಬೇಕು?

ತಾರೀಖು ತಿದ್ದಿ ಎಂದು ಮತ್ತೆ ಕೌಂಟರಿಗೆ ಹೋದೆ. "ಒಂದ್ಸಲ ಸೇವ್ ಆದ್ಮೇಲೆ ನಮ್ಮ ಕೈಲಿಲ್ಲ ಕಣ್ರೀ, ದೊಡ್ಡ ಸಾಹೇಬ್ರು ಹೇಳ್ಬೇಕು" ಎಂದರು. ಇನ್ನೊಂದು ಸ್ಕ್ಯಾನಿಗೆ ಹೆಸರು ಹಾಕಿ ಎಂದರೆ, ನನ್ನ ಕೇಸು 'ಮುಗಿದಿದೆ', ಮುಗಿದ ಕೇಸಿಗೆ ಕಂಪ್ಯೂಟರ್ ದಿನ ಕೊಡುವುದಿಲ್ಲವಂತೆ. ಹೊರಗಿನ ಸ್ಕ್ಯಾನಿನವನ ಬಳಿಗೆ ಓಡಿದೆ. ಅವನು ನಿಮ್ಮ ಆಸ್ಪತ್ರೆಯ ಹೆಸರು ಕೇಳಿದ್ದೇ ಕೈ ಹಿಂದೆ ತೆಗೆದ. "ದೊಡ್ಡಾಸ್ಪತ್ರೆ ಕೇಸು ನಾವು ಮುಟ್ಟಲ್ಲಮ್ಮ. ಅವರ ಚೀಟಿ ತನ್ನಿ, ನೋಡೋಣ." ಚೀಟಿ ಕೇಳಲು ಮತ್ತೆ ಎರಡನೇ ಮಹಡಿಗೆ ಹೋದರೆ, ಮುಗಿದ ಕೇಸಿಗೆ ಚೀಟಿ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೇಳಿದ್ದೆ, ಇಲ್ಲಿ ಮಹಡಿಗೊಬ್ಬ ಪೂಜಾರಿ. ಕೊನೆಗೆ ತಮ್ಮ ಕೋಣೆಯ ಮುಂದೆ ನಿಂತೆ. ಬಾಗಿಲಲ್ಲಿ ಕೂತಿದ್ದ ಜವಾನ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದ. ಎಷ್ಟೊತ್ತಿಗೆ ಬರ್ತಾರೆ ಎಂದೆ. "ಗೊತ್ತಿಲ್ಲ" ಎಂದ. ಆ ಇಡೀ ಕಟ್ಟಡದಲ್ಲಿ ಗೊತ್ತಿಲ್ಲ ಎಂದು ಹೇಳಲು ಅನುಮತಿ ಇರುವ ಏಕೈಕ ವ್ಯಕ್ತಿಯನ್ನು ಕಂಡು ನನಗೆ ಕೈಮುಗಿಯಬೇಕು ಅನ್ನಿಸಿತು. ತಾವು ಯಾವಾಗ ಬರುತ್ತೀರಿ ಎಂಬುದು ಗೊತ್ತಿಲ್ಲದೇ ಇರಬಹುದು. ನನ್ನ ಮುಟ್ಟು ಯಾವಾಗ ಬಂತು ಎಂಬುದು ಮಾತ್ರ ಗೊತ್ತಿರಲೇಬೇಕು.

ಈಗ ನನ್ನ ಪರಿಸ್ಥಿತಿ ಕೇಳಿ. ಅತ್ತ ದರಿ, ಇತ್ತ ಪುಲಿ. ಸೋಮವಾರ ಹೋಗಿ ಮಾತ್ರೆ ನುಂಗಿದರೆ, ಅದು ಬದುಕಿದ್ದ ಪಕ್ಷದಲ್ಲಿ, ಮೂರು ವರ್ಷ ಕಾದು ಬಂದದ್ದನ್ನು ನಾನೇ ಕೈಯಾರೆ ಕೊಂದಂತೆ. ಹೋಗದಿದ್ದರೆ, ಅದು ಸತ್ತಿದ್ದ ಪಕ್ಷದಲ್ಲಿ, ನಂಜೇರಿ ನಾನೂ ಅದರ ಹಿಂದೆಯೇ ಹೋಗಬಹುದು. ಅತ್ತೆ ನಿನ್ನೆ ನನ್ನ ಕಾಲ ಬಳಿ ಕೂತು ಅತ್ತರು. "ಹೋಗಿ ತೆಗೆಸ್ಕೊಂಡ್ಬಿಡೇ. ಮಕ್ಕಳು ಆದ್ರೆ ಆಗ್ಲಿ, ಬಿಟ್ರೆ ಬಿಡ್ಲಿ, ನೀನೊಬ್ಳು ಇದ್ರೆ ಸಾಕು ನಂಗೆ." ಎಂಥ ಮಾತು! ಬೇರೆ ಯಾವ ದಿನವಾದರೂ ಈ ಮಾತು ಕೇಳಿದ್ದರೆ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆ. ನಿನ್ನೆ ಅದು ಇನ್ನೊಂದು ಬಾಗಿಲಿಗೆ ಚಿಲಕ ಹಾಕಿದ ಸದ್ದಿನಂತೆ ಕೇಳಿತು. ನಮ್ಮವರು ಊಟದ ತಟ್ಟೆಯ ಮುಂದೆ ಕೂತು, "ಬ್ರೇಕ್ ಆಗಿದ್ರೆ ಬಿಚ್ಚಿ ನೋಡ್ಬಹುದಿತ್ತು" ಎಂದು ಮುಖ ಆಚೆ ತಿರುಗಿಸಿದರು. ಕೌಂಟರಿನಲ್ಲಿ ಜನ ತೂತಿಗೆ ಬಾಯಿಟ್ಟು ಬರುತ್ತಾ, ಇಲ್ಲವಾ, ಒಂದು ಮಾತು ಹೇಳಿ ಎಂದಾಗ ನಾನು ಎದ್ದು ಹಿಂದಕ್ಕೆ ಸರಿಯುತ್ತೇನೆ. ಮೈಕಕ್ಕ ನನ್ನ ಕುರ್ಚಿಗೆ ತಾವೇ ಬಂದು ಕೂತು ಉತ್ತರ ಹೇಳಿ ಕಳಿಸುತ್ತಾರೆ.

ನನ್ನ ಅಡುಗೆಮನೆಯ ಕಪಾಟಿನಲ್ಲಿ ಎರಡು ಬಗೆಯ ಮಾತ್ರೆಗಳಿವೆ, ಮಾನ್ಯರೇ. ಎರಡೂ ನಿಮ್ಮ ಆಸ್ಪತ್ರೆಯವೇ. ಒಂದು ಕೆಳಮಹಡಿಯದು, ಕುತ್ತಿಗೆಯ ಪುಟ್ಟ ಬಿಳಿ ಮಾತ್ರೆ, ಏರಿಸಿದ ಪ್ರಮಾಣದ್ದು. "ಇನ್ನೊಂದು ಸ್ಕ್ಯಾನ್ ಆಗೋ ತನಕ ನಿಲ್ಲಿಸ್ಬೇಡಮ್ಮ" ಎಂದು ಡಾಕ್ಟರು ಹೇಳಿದ್ದಾರೆ. ಮಗುವಿನ ಪಾಲು ಅದರಲ್ಲಿದೆ. ಇನ್ನೊಂದು ಎರಡನೇ ಮಹಡಿಯದು, ಕಂದು ಕವರಿನಲ್ಲಿದೆ, ಮಗು ಇಲ್ಲ ಎಂದು ಹೇಳುವ ಮಾತ್ರೆ. ನಾನು ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಮೊದಲನೆಯದನ್ನು ನುಂಗುತ್ತೇನೆ. ನುಂಗಿ, ಚಹಾ ಕುಡಿಯಲಾಗದ ಆ ಹೊತ್ತನ್ನು ಎರಡನೆಯದರ ಮುಂದೆ ನಿಂತು ಕಳೆಯುತ್ತೇನೆ. ಯಾರಿಗೆ ಪಾಲು ಕೊಟ್ಟೆ ನಾನು ಈಗ? ಇರುವವರಿಗೋ, ಇಲ್ಲದವರಿಗೋ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಎಷ್ಟು ದಿನ ನಿಲ್ಲಬಹುದು ಒಬ್ಬ ಹೆಂಗಸು? ನನಗೆ ಭಯವಾಗಿದೆ. ಸಿಟ್ಟಿನ ಪತ್ರ ಬರೆಯಲು ಕೂತು ಇದನ್ನು ಹೇಳಬಾರದು, ಆದರೂ ಹೇಳುತ್ತಿದ್ದೇನೆ. ಬಚ್ಚಲಿಗೆ ಹೋಗುವಾಗ ಭಯ, ಕಲೆ ಕಾಣುತ್ತದೆಯೇನೋ ಎಂದು. ಕಾಣದಿದ್ದರೂ ಭಯ. ಇಷ್ಟು ವರ್ಷ ಲೆಕ್ಕಕ್ಕೆ ಸರಿಯಾಗಿ ಬರಲಿ ಎಂದು ಕಾದ ಮುಟ್ಟನ್ನು ಈಗ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದೇನೆ.

ಅತ್ತೆ ಈ ಸಲ ಕುಲಾವಿಯನ್ನು ಪೆಟ್ಟಿಗೆಗೆ ಹಾಕಿಲ್ಲ. ಮುಂದುವರಿಸಿಯೂ ಇಲ್ಲ. ಅದು ಕಡ್ಡಿಯ ಸಮೇತ ಕಿಟಕಿಯ ಮೇಲೆ ಕೂತಿದೆ. ನಮ್ಮ ಮನೆಯಲ್ಲಿ ಅದಕ್ಕೆ ಮಾತ್ರ ಸದ್ಯಕ್ಕೆ ಸರಿಯಾದ ಜಾಗ ಸಿಕ್ಕಿದೆ ಅನ್ನಿಸುತ್ತದೆ.

ಈ ಪತ್ರ ಅಚ್ಚಾದ ಮೇಲೆ ತಾವು ಒಂದು ಸಮಿತಿ ಮಾಡುತ್ತೀರಿ ಎಂಬುದು ನನಗೆ ಗೊತ್ತು. ಸಮಿತಿ ವರದಿ ಕೊಡುವ ಹೊತ್ತಿಗೆ ಪರದೆ ಹೊಲಿಯುವವಳ ಎರಡನೇ ಹೆರಿಗೆಯೂ ಆಗಿಹೋಗಿರುತ್ತದೆ. ನನಗೆ ಸಮಿತಿ ಬೇಡ. ಆ ಕಂಪ್ಯೂಟರಿನಲ್ಲಿ 'ಗೊತ್ತಿಲ್ಲ' ಎಂದು ಬರೆಯಲು ಒಂದು ಜಾಗ ಮಾಡಿಸಿ. ಕುತ್ತಿಗೆಯ ಗ್ರಂಥಿ ಕೈಕೊಟ್ಟವರು, ಮೊಲೆಯುಣಿಸುವವರು, ಮುಟ್ಟು ನಿಲ್ಲುವ ವಯಸ್ಸಿಗೆ ಬಂದವರು, ಲೆಕ್ಕ ಇಡಲು ಪುರುಸೊತ್ತೇ ಇಲ್ಲದೆ ದುಡಿಯುವವರು, ಎಲ್ಲರೂ ಆ ಜಾಗದಲ್ಲಿ ಆರಾಮಾಗಿ ಕೂರುತ್ತಾರೆ. ಅಲ್ಲಿ ಕೂತ ಯಾವ ಹೆಂಗಸಿಗೂ ಎರಡನೇ ಸಲ ನೋಡದೆ ಆ ಕಂದು ಕವರನ್ನು ಕೊಡಬೇಡಿ. ಒಂದು ಬಸ್ಸು ಬರುವುದಿಲ್ಲ ಎಂದು ಘೋಷಿಸುವ ಮುನ್ನ ನಾವು ಡಿಪೋಗೆ ಎರಡು ಸಲ ಫೋನ್ ಮಾಡುತ್ತೇವೆ.

ಸೋಮವಾರ ಬೆಳಿಗ್ಗೆ ನಾನು ಬರುತ್ತೇನೆ. ಬಿಳಿ ಮಾತ್ರೆಯನ್ನು ಮನೆಯಲ್ಲಿ ನುಂಗಿ, ಕಂದು ಕವರನ್ನು ಕೈಯಲ್ಲಿ ಹಿಡಿದು ಬರುತ್ತೇನೆ. ಆದರೆ ವಾರ್ಡಿಗೆ ಹೋಗುವುದಿಲ್ಲ. ಸ್ಕ್ಯಾನ್ ಕೋಣೆಯ ಬೆಂಚಿನಲ್ಲಿ ಕೂರುತ್ತೇನೆ. ಅಷ್ಟು ಹೊತ್ತಿಗೆ ಮೊದಲ ಸ್ಕ್ಯಾನ್ ಆಗಿ ಎರಡು ವಾರವಾಗಿರುತ್ತದೆ, ಬಡಿಯುವ ಎದೆ ಇದ್ದರೆ ಕಾಣುವಷ್ಟು ದೊಡ್ಡದಾಗಿರುತ್ತದೆ. ಪರದೆಯನ್ನು ನನ್ನ ಕಡೆಗೆ ತಿರುಗಿಸಿ ನೋಡಿ. ಇಲ್ಲ ಎಂದಾದರೆ ಅಲ್ಲೇ ಕವರು ಬಿಚ್ಚಿ ನುಂಗುತ್ತೇನೆ, ನಿಮ್ಮ ಮೇಲೆ ಒಂದು ಮಾತೂ ಆಡುವುದಿಲ್ಲ. ಇದೆ ಎಂದಾದರೆ ಆ ಕವರನ್ನು ತಮ್ಮ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತೇನೆ. ಅತ್ತೆ ಕಾಯುತ್ತಿರುತ್ತಾರೆ, ಕಿವಿಯ ಭಾಗ ಹೆಣೆಯುವುದು ಬಾಕಿ ಇದೆ. ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಿದರೆ, ಗೊತ್ತಿಲ್ಲ. ಮೊದಲ ದಿನವೂ ಇದೇ ಹೇಳಿದ್ದೆ. ಆ ಬೆಂಚಿನವರೆಗೆ ಬರಲು ಮಾತ್ರ ತಮ್ಮ ಅಪ್ಪಣೆ ಬೇಕು. ಒಂದು ಸಲ ಮೀಟಿಂಗಿನಿಂದ ಎದ್ದು ಬನ್ನಿ.

ಇಂತಿ,
ತಮ್ಮ ಲೆಕ್ಕದಲ್ಲಿ ಮುಗಿದುಹೋದ ಕೇಸು,
ನಮ್ಮ ನಿಲ್ದಾಣದ ಲೆಕ್ಕದಲ್ಲಿ ವಿಚಾರಣೆ ಕೌಂಟರಿನವಳು

ತಾರೀಖು: ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ಒಂದು ಎಂದು ತುಂಬಬೇಡಿ.